ಮಹಾ ಯೋಜನೆಯಲ್ಲಿ ವಸತಿ ಭೂಮಿಯ ಲೆಕ್ಕಾಚಾರ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನಗರ ಅಥವಾ ಪಟ್ಟಣದ ಮಹಾ ಯೋಜನೆಯ ನಕ್ಷೆಯಲ್ಲಿ ವಸತಿ ಉಪಯೋಗಕ್ಕೆ ಗೊತ್ತುಪಡಿಸಿದ ಪ್ರದೇಶವನ್ನು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ತೋರಿಸಲಾಗುತ್ತದೆ. ಜಮೀನು "ಹಳದಿ ವಲಯದಲ್ಲಿದೆ" ಎಂಬ ಒಂದೇ ಕಾರಣದಿಂದ ಅದು ಮನೆ ಕಟ್ಟಲು ಯೋಗ್ಯವಾದ ನಿವೇಶನವೆಂದು ಭಾವಿಸಿ ಖರೀದಿಸುವವರು ಬಹಳ ಮಂದಿ ಇದ್ದಾರೆ. ಅಂತಹವರು ಮುಂದೆ ಕಟ್ಟಡ ಪರವಾನಗಿ, ಖಾತಾ, ನೀರಿನ ಸಂಪರ್ಕ ಅಥವಾ ಬ್ಯಾಂಕ್ ಸಾಲಕ್ಕಾಗಿ ಅರ್ಜಿ ಸಲ್ಲಿಸಿದಾಗ ತೊಂದರೆಗೆ ಒಳಗಾಗುತ್ತಾರೆ.

ನಕ್ಷೆಯ ಮೇಲಿನ ವಸತಿ ಭೂಮಿ ಬೇರೆ, ಮನೆ ಕಟ್ಟಲು ವಾಸ್ತವವಾಗಿ ದೊರೆಯುವ ಭೂಮಿ ಬೇರೆ. ಇವೆರಡರ ನಡುವಿನ ಅಂತರವನ್ನು ಯೋಜನಾ ಪ್ರಾಧಿಕಾರಗಳು ಹೇಗೆ ಲೆಕ್ಕ ಹಾಕುತ್ತವೆ, ಆ ಲೆಕ್ಕದಿಂದ ಅರ್ಜಿದಾರರು ಏನನ್ನು ತಿಳಿದುಕೊಳ್ಳಬಹುದು ಎಂಬುದನ್ನು ಈ ಪುಟದಲ್ಲಿ ಉದಾಹರಣೆ ಸಹಿತ ವಿವರಿಸಲಾಗಿದೆ.

2. ಕಾನೂನಿನ ಆಧಾರ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ ಸರ್ಕಾರವು ಒಂದು ಪ್ರದೇಶವನ್ನು ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸುತ್ತದೆ ಮತ್ತು ಅದಕ್ಕೆ ಯೋಜನಾ ಪ್ರಾಧಿಕಾರ ಇರುತ್ತದೆ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ರಚಿತವಾದ ಪ್ರಾಧಿಕಾರವಿರುವ ಕಡೆ ಅದೇ ಈ ಕಾರ್ಯವನ್ನು ನಿರ್ವಹಿಸುತ್ತದೆ. ಇತರ ಪಟ್ಟಣಗಳಲ್ಲಿ ಪ್ರತ್ಯೇಕ ಯೋಜನಾ ಪ್ರಾಧಿಕಾರವನ್ನು ರಚಿಸಲಾಗುತ್ತದೆ.

ಅಧಿನಿಯಮದ ಮುಖ್ಯ ಪ್ರಕರಣಗಳು ಈ ಕೆಳಕಂಡಂತಿವೆ:

ಪ್ರಕರಣ 9: ಪ್ರದೇಶದ ಸಮೀಕ್ಷೆ ನಡೆಸಿ ಮಹಾ ಯೋಜನೆಯನ್ನು ಸಿದ್ಧಪಡಿಸುವುದು.
ಪ್ರಕರಣ 12: ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಮುಂತಾದ ಭೂ ಉಪಯೋಗ ವಲಯಗಳು ಮತ್ತು ವಲಯ ನಿಯಮಾವಳಿ.
ಪ್ರಕರಣ 13: ತಾತ್ಕಾಲಿಕ ಅನುಮೋದನೆ, ಸಾರ್ವಜನಿಕರಿಂದ 60 ದಿನಗಳೊಳಗೆ ಆಕ್ಷೇಪಣೆ ಮತ್ತು ಸಲಹೆಗಳ ಸ್ವೀಕಾರ, ಅಂತಿಮ ಅನುಮೋದನೆ.
ಪ್ರಕರಣ 14: ಭೂಮಿಯ ಪ್ರತಿಯೊಂದು ಉಪಯೋಗ ಮತ್ತು ಅಭಿವೃದ್ಧಿ ಮಹಾ ಯೋಜನೆಗೆ ಅನುಗುಣವಾಗಿರಬೇಕೆಂಬ ನಿಯಮ.
ಪ್ರಕರಣ 17: ಜಮೀನಿನ ವಿಭಜನೆ ಮತ್ತು ಬಡಾವಣೆ ವಿನ್ಯಾಸಕ್ಕೆ ಅನುಮೋದನೆ.
ಪ್ರಕರಣ 25: ಕನಿಷ್ಠ 10 ವರ್ಷಗಳಿಗೊಮ್ಮೆ ಮಹಾ ಯೋಜನೆಯ ಪರಿಷ್ಕರಣೆ.

ನಿವೇಶನಗಳನ್ನು ಯೋಜಿತ ರೀತಿಯಲ್ಲಿ ಒದಗಿಸುವ ಕಾರ್ಯ ರಾಜ್ಯಕ್ಕೆ ಹೊಸದಲ್ಲ. ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ 1903ರಲ್ಲಿಯೇ ಸ್ಥಾಪನೆಯಾಗಿತ್ತು. ಬೆಂಗಳೂರಿನಲ್ಲಿ ಅಂತಹ ಮಂಡಳಿ 1945ರಲ್ಲಿ ಅಸ್ತಿತ್ವಕ್ಕೆ ಬಂದಿತು. 1976ರ ಅಧಿನಿಯಮದ ಮೂಲಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದರ ಸ್ಥಾನಕ್ಕೆ ಬಂದಿತು.

3. ಲೆಕ್ಕದ ಹಂತಗಳು

ವಸತಿ ಭೂಮಿಯ ಲೆಕ್ಕಕ್ಕೆ ಎರಡು ಭಾಗಗಳಿವೆ. ಒಂದನೆಯದು ಬೇಡಿಕೆ: ಯೋಜನಾ ಅವಧಿಯ ಅಂತ್ಯಕ್ಕೆ ಎಷ್ಟು ಮನೆಗಳು ಬೇಕು, ಅವುಗಳಿಗೆ ಎಷ್ಟು ಭೂಮಿ ಬೇಕು ಎಂಬುದು. ಎರಡನೆಯದು ಲಭ್ಯತೆ: ಅಷ್ಟು ಭೂಮಿ ವಾಸ್ತವವಾಗಿ ದೊರೆಯುತ್ತದೆಯೇ, ಯಾವಾಗ ದೊರೆಯುತ್ತದೆ ಎಂಬುದು. ಮೊದಲ ಭಾಗವನ್ನು ಕ್ರಮಬದ್ಧವಾಗಿ ಮಾಡಿ ಎರಡನೆಯ ಭಾಗವನ್ನು ಕೇವಲ ನಕ್ಷೆ ನೋಡಿ ಮುಗಿಸಿದರೆ ಲೆಕ್ಕ ತಪ್ಪಾಗುತ್ತದೆ.

ಸುಲಭವಾಗಿ ಅರ್ಥವಾಗಲೆಂದು ಕೆಳಗೆ ಒಂದು ಕಾಲ್ಪನಿಕ ಪಟ್ಟಣವನ್ನು ತೆಗೆದುಕೊಳ್ಳಲಾಗಿದೆ. ಇದರ ಅಂಕಿಗಳು ಉದಾಹರಣೆಗಾಗಿ ಮಾತ್ರ. ಯಾವುದೇ ನಿಜವಾದ ಊರಿಗೆ ಸಂಬಂಧಿಸಿದವಲ್ಲ.

4. ಮೊದಲನೆಯ ಹಂತ: ಜನಸಂಖ್ಯೆಯ ಅಂದಾಜು

ಈ ಪಟ್ಟಣದ ಜನಸಂಖ್ಯೆ ಹಿಂದಿನ ಮೂರು ಜನಗಣತಿಗಳಲ್ಲಿ ಕ್ರಮವಾಗಿ 60,000, 75,000 ಮತ್ತು 90,000 ಇತ್ತು ಎಂದುಕೊಳ್ಳೋಣ. ಕೊನೆಯ ಜನಗಣತಿಯಿಂದ 20 ವರ್ಷಗಳ ನಂತರದ ಜನಸಂಖ್ಯೆಯನ್ನು ಅಂದಾಜು ಮಾಡಬೇಕಾಗಿದೆ.

ಅ) ಅಂಕಗಣಿತ ವಿಧಾನ: ಪ್ರತಿ 10 ವರ್ಷಕ್ಕೆ 15,000 ಹೆಚ್ಚಳವೆಂದು ಪರಿಗಣಿಸಿದರೆ 20 ವರ್ಷಗಳ ನಂತರ 1,20,000 ಆಗುತ್ತದೆ.

ಆ) ಜ್ಯಾಮಿತೀಯ ವಿಧಾನ: ಮೊದಲ ದಶಕದಲ್ಲಿ ಶೇ. 25, ಎರಡನೆಯ ದಶಕದಲ್ಲಿ ಶೇ. 20ರಷ್ಟು ಬೆಳವಣಿಗೆ ಆಗಿದೆ. ಇದೇ ದರ ಮುಂದುವರಿದರೆ 1,35,000 ಆಗುತ್ತದೆ.

ಒಂದೇ ಊರು, ಒಂದೇ ಜನಗಣತಿ. ಆದರೆ ವಿಧಾನ ಬದಲಾದಂತೆ 15,000 ಜನರ ವ್ಯತ್ಯಾಸ ಬರುತ್ತದೆ. ಆದುದರಿಂದ ಉದ್ಯೋಗ, ಕೈಗಾರಿಕೆ, ಶಿಕ್ಷಣ ಸಂಸ್ಥೆಗಳು, ನೀರಿನ ಲಭ್ಯತೆ ಮತ್ತು ವಲಸೆಯನ್ನು ಗಮನಿಸಿ ಪ್ರಾಧಿಕಾರವು ಒಂದು ಸಂಖ್ಯೆಯನ್ನು ಕಾರಣ ಸಹಿತ ಆಯ್ಕೆ ಮಾಡುತ್ತದೆ. ಉದಾಹರಣೆಯ ಪಟ್ಟಣಕ್ಕೆ 1,32,000 ಎಂದು ನಿಗದಿಪಡಿಸಲಾಗಿದೆ ಎಂದುಕೊಳ್ಳೋಣ.

ರಾಜ್ಯದ ಸರಾಸರಿ ದರವನ್ನು ಎಲ್ಲ ಊರುಗಳಿಗೂ ಅನ್ವಯಿಸುವಂತಿಲ್ಲ. 2001ರಿಂದ 2011ರ ದಶಕದಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15.60ರಷ್ಟು ಹೆಚ್ಚಾಯಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಶೇ. 47.18ರಷ್ಟು ಹೆಚ್ಚಳವಾಯಿತು, ಕೊಡಗಿನಲ್ಲಿ ಹೆಚ್ಚಳ ಕೇವಲ ಶೇ. 1.09, ಚಿಕ್ಕಮಗಳೂರು ಜಿಲ್ಲೆಯಲ್ಲಿ ಜನಸಂಖ್ಯೆ ಅಲ್ಪ ಪ್ರಮಾಣದಲ್ಲಿ ಇಳಿಯಿತು.

2011ರ ನಂತರದ ಜನಗಣತಿ 2021ರಲ್ಲಿ ನಡೆಯಬೇಕಾಗಿದ್ದು ಮುಂದೂಡಲ್ಪಟ್ಟಿತು. 2025ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ, ಹಿಮಾವೃತ ಪ್ರದೇಶಗಳನ್ನು ಹೊರತುಪಡಿಸಿ, 2027ರ ಮಾರ್ಚ್ 1. ಆದಕಾರಣ 2011ರ ಅಂಕಿಗಳನ್ನು ಆಧರಿಸಿದ ಯೋಜನೆಗಳಲ್ಲಿ ಪ್ರಾಧಿಕಾರವು ಇತರ ಯಾವ ಮಾಹಿತಿಯಿಂದ ಅವುಗಳನ್ನು ಸರಿಹೊಂದಿಸಿದೆ ಎಂಬುದನ್ನು ಓದುಗರು ವರದಿಯಲ್ಲಿ ಗಮನಿಸಬೇಕು.

5. ಎರಡನೆಯ ಹಂತ: ಜನರಿಂದ ಕುಟುಂಬಕ್ಕೆ, ಕುಟುಂಬದಿಂದ ಮನೆಗೆ

ಮನೆ ಬೇಕಾಗುವುದು ಕುಟುಂಬಕ್ಕೆ. ಜನಗಣತಿಯಲ್ಲಿ ಒಂದೇ ಅಡುಗೆಮನೆಯಿಂದ ಊಟ ಮಾಡುವವರನ್ನು ಸಾಮಾನ್ಯವಾಗಿ ಒಂದು ಕುಟುಂಬವೆಂದು ಎಣಿಸಲಾಗುತ್ತದೆ. ಅವಿಭಕ್ತ ಕುಟುಂಬಗಳು ಬೇರೆಯಾದಂತೆ ಕುಟುಂಬದ ಗಾತ್ರ ಇಳಿಯುತ್ತದೆ. ಜನಸಂಖ್ಯೆ ಸ್ಥಿರವಾಗಿದ್ದರೂ ಮನೆಗಳ ಬೇಡಿಕೆ ಏರುತ್ತದೆ.

ಉದಾಹರಣೆಯ ಪಟ್ಟಣದಲ್ಲಿ ಈಗಿನ ಕುಟುಂಬದ ಸರಾಸರಿ ಗಾತ್ರ 4.5. ಅಂದರೆ 90,000 ಜನರು 20,000 ಕುಟುಂಬಗಳಲ್ಲಿದ್ದಾರೆ. 20 ವರ್ಷಗಳಲ್ಲಿ ಈ ಗಾತ್ರ 4ಕ್ಕೆ ಇಳಿಯುತ್ತದೆ ಎಂದು ಅಂದಾಜಿಸಿದರೆ:

ಅವಧಿಯ ಅಂತ್ಯದ ಕುಟುಂಬಗಳು: 1,32,000 ÷ 4 = 33,000
ಈಗಿರುವ ವಾಸಯೋಗ್ಯ ಮನೆಗಳು: 18,500
ಬೇಕಾಗುವ ಹೆಚ್ಚುವರಿ ಮನೆಗಳು: 33,000 − 18,500 = 14,500

ಇದರಲ್ಲಿ 13,000 ಮನೆಗಳು ಹೊಸ ಕುಟುಂಬಗಳಿಗಾಗಿ. 1,500 ಮನೆಗಳು ಈಗಾಗಲೇ ಇರುವ ಕೊರತೆ. ಕುಟುಂಬದ ಗಾತ್ರ 4.5 ಆಗಿಯೇ ಉಳಿಯುತ್ತದೆಂದು ತಿಳಿದಿದ್ದರೆ ಬೇಡಿಕೆ ಸುಮಾರು 10,833 ಎಂದು ಬರುತ್ತಿತ್ತು. 3,600ಕ್ಕೂ ಹೆಚ್ಚು ಮನೆಗಳು ಲೆಕ್ಕದಿಂದ ಬಿಟ್ಟುಹೋಗುತ್ತಿದ್ದವು.

ಈಗಾಗಲೇ ಇರುವ ಕೊರತೆಯನ್ನು ಎಣಿಸುವುದು ಸುಲಭವಲ್ಲ. ಮನೆಯಿಲ್ಲದವರನ್ನು ಮಾತ್ರ ಎಣಿಸಿದರೆ ಸಾಲದು. ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು 2012ರಲ್ಲಿ ದೇಶದ ನಗರ ವಸತಿ ಕೊರತೆಯನ್ನು 1.878 ಕೋಟಿ ಮನೆಗಳೆಂದು ಅಂದಾಜಿಸಿತು. ಅದರಲ್ಲಿ ವಸತಿರಹಿತರ ಪಾಲು ಸುಮಾರು 5.3 ಲಕ್ಷ ಮಾತ್ರ. ಸುಮಾರು 1.5 ಕೋಟಿಯಷ್ಟು ಕೊರತೆಗೆ ಕಾರಣ ಇಕ್ಕಟ್ಟು, ಅಂದರೆ ವಿವಾಹಿತ ದಂಪತಿಗಳಿಗೆ ಪ್ರತ್ಯೇಕ ಕೊಠಡಿಯೂ ಇಲ್ಲದಂತಹ ವಾಸ. ಕರ್ನಾಟಕದ ಪಾಲನ್ನು ಸುಮಾರು 10.2 ಲಕ್ಷ ಎಂದು ಹೇಳಲಾಗಿತ್ತು. ಒಟ್ಟು ಕೊರತೆಯ ಶೇ. 95ಕ್ಕೂ ಹೆಚ್ಚು ಭಾಗ ಆರ್ಥಿಕವಾಗಿ ದುರ್ಬಲ ಮತ್ತು ಕಡಿಮೆ ಆದಾಯದ ವರ್ಗಗಳಿಗೆ ಸೇರಿತ್ತು.

ಖಾಲಿ ಮನೆಗಳನ್ನು ಈ ಕೊರತೆಯಿಂದ ನೇರವಾಗಿ ಕಳೆಯಲು ಬರುವುದಿಲ್ಲ. 2011ರ ಜನಗಣತಿಯಲ್ಲಿ ದೇಶದ ನಗರ ಪ್ರದೇಶಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಅವುಗಳ ಬೆಲೆ, ಸ್ಥಳ ಮತ್ತು ಮಾಲೀಕತ್ವ ಮನೆ ಬೇಕಾದ ಕುಟುಂಬಗಳಿಗೆ ಹೊಂದುವುದಿಲ್ಲ.

6. ಮೂರನೆಯ ಹಂತ: ಮನೆಗಳಿಂದ ಭೂಮಿಗೆ

ಎಲ್ಲ 14,500 ಮನೆಗಳಿಗೂ ಹೊಸ ಭೂಮಿ ಬೇಕಾಗಿಲ್ಲ. ಈಗಿರುವ ಬಡಾವಣೆಗಳ ಖಾಲಿ ನಿವೇಶನಗಳು, ಮೇಲಂತಸ್ತುಗಳು ಮತ್ತು ವಸತಿ ಸಮುಚ್ಚಯಗಳಿಂದ 2,500 ಮನೆಗಳು ದೊರೆಯುತ್ತವೆ ಎಂದುಕೊಂಡರೆ ಉಳಿದ 12,000 ಮನೆಗಳಿಗೆ ಹೊಸ ನಿವೇಶನ ಬೇಕು. ದುರಸ್ತಿ, ಮಾರಾಟ ಹಾಗೂ ಬಾಡಿಗೆ ಬದಲಾವಣೆಯ ಸಮಯದಲ್ಲಿ ಕೆಲವು ಮನೆಗಳು ಖಾಲಿ ಇರುವುದರಿಂದ ಶೇ. 5ರಷ್ಟು ಸೇರಿಸಿದರೆ 12,600 ನಿವೇಶನಗಳಾಗುತ್ತವೆ.

ನಿವೇಶನದ ಸರಾಸರಿ ಅಳತೆ 120 ಚದರ ಮೀಟರ್ ಎಂದು ತೆಗೆದುಕೊಳ್ಳಲಾಗಿದೆ. ಜನಬಳಕೆಯ 30 × 40 ಅಡಿ ನಿವೇಶನ ಸುಮಾರು 111.5 ಚದರ ಮೀಟರ್ ಆಗುತ್ತದೆ.

ನಿವೇಶನಗಳ ನಿವ್ವಳ ವಿಸ್ತೀರ್ಣ: 12,600 × 120 = 15,12,000 ಚದರ ಮೀಟರ್, ಅಂದರೆ 151.2 ಹೆಕ್ಟೇರ್

ಬಡಾವಣೆಯ ಇಡೀ ಜಮೀನು ನಿವೇಶನವಾಗುವುದಿಲ್ಲ. ರಸ್ತೆ, ಉದ್ಯಾನ, ಆಟದ ಮೈದಾನ, ಶಾಲೆ, ಆರೋಗ್ಯ ಕೇಂದ್ರ, ನೀರಿನ ತೊಟ್ಟಿ ಮುಂತಾದವುಗಳಿಗೆ ಜಾಗ ಬಿಡಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರ ಪ್ರಕರಣ 16ರಂತೆ ಆ ಪ್ರಾಧಿಕಾರದ ಬಡಾವಣೆಗಳಲ್ಲಿ ಕನಿಷ್ಠ ಶೇ. 15ರಷ್ಟು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಕನಿಷ್ಠ ಶೇ. 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ರಸ್ತೆಗಳು ಇದಕ್ಕೆ ಹೊರತು. ಖಾಸಗಿ ಬಡಾವಣೆಗಳಿಗೆ ಆಯಾ ಊರಿನ ವಲಯ ನಿಯಮಾವಳಿಯ ಪ್ರಮಾಣಗಳು ಅನ್ವಯಿಸುತ್ತವೆ. ಉದಾಹರಣೆಯಲ್ಲಿ ಅರ್ಧ ಭಾಗ ನಿವೇಶನಗಳಿಗೆ ದೊರೆಯುತ್ತದೆಂದು ಪರಿಗಣಿಸಿದರೆ:

ಬೇಕಾಗುವ ಒಟ್ಟು ಭೂಮಿ: 151.2 × 2 = 302.4 ಹೆಕ್ಟೇರ್, ಅಂದರೆ ಸುಮಾರು 747 ಎಕರೆ

ಇಲ್ಲಿ ಸರಾಸರಿ ಅಳತೆಯ ಆಯ್ಕೆ ಬಹಳ ಮುಖ್ಯ. ಸರಾಸರಿಯನ್ನು 200 ಚದರ ಮೀಟರ್ ಎಂದು ತೆಗೆದುಕೊಂಡಿದ್ದರೆ ಅಷ್ಟೇ ಕುಟುಂಬಗಳಿಗೆ 504 ಹೆಕ್ಟೇರ್ ಬೇಕಾಗುತ್ತಿತ್ತು. ದೊಡ್ಡ ನಿವೇಶನಗಳನ್ನು ಆಧರಿಸಿದ ಲೆಕ್ಕವು ಹೆಚ್ಚು ಕೃಷಿ ಭೂಮಿಯನ್ನು ಕೇಳುತ್ತದೆ. ಆದರೆ ಕೊರತೆ ಹೆಚ್ಚಾಗಿರುವ ಕಡಿಮೆ ಆದಾಯದ ಕುಟುಂಬಗಳಿಗೆ ಆ ನಿವೇಶನಗಳು ಎಟಕುವುದಿಲ್ಲ.

ಲೆಕ್ಕವನ್ನು ಇನ್ನೊಂದು ದಾರಿಯಿಂದ ತಾಳೆ ನೋಡುವ ಕ್ರಮವೂ ಇದೆ. ಕೇಂದ್ರ ನಗರಾಭಿವೃದ್ಧಿ ಮಂತ್ರಾಲಯದ 2014ರ ಯೋಜನಾ ಮಾರ್ಗಸೂಚಿಗಳಲ್ಲಿ ಬಯಲು ಪ್ರದೇಶದ ಸಣ್ಣ ಪಟ್ಟಣಗಳಿಗೆ ಹೆಕ್ಟೇರ್‌ಗೆ 75ರಿಂದ 125, ಮಧ್ಯಮ ಪಟ್ಟಣಗಳಿಗೆ 100ರಿಂದ 150, ಮಹಾನಗರಗಳಿಗೆ 125ರಿಂದ 175 ಜನರ ಸಾಂದ್ರತೆಯನ್ನು ಸೂಚಿಸಲಾಗಿದೆ. 1,32,000 ಜನರ ಪಟ್ಟಣ ಮಧ್ಯಮ ವರ್ಗಕ್ಕೆ ಸೇರುತ್ತದೆ. ಅದರ ಅಭಿವೃದ್ಧಿ ಹೊಂದಿದ ಒಟ್ಟು ಪ್ರದೇಶ 880ರಿಂದ 1,320 ಹೆಕ್ಟೇರ್‌ಗಳ ನಡುವೆ ಇರಬೇಕಾಗುತ್ತದೆ. ಯೋಜನೆಯು ಇದಕ್ಕಿಂತ ಬಹಳ ಹೆಚ್ಚು ಪ್ರದೇಶವನ್ನು ತೋರಿಸಿದರೆ ಊರು ಚದುರಿ ಬೆಳೆಯುತ್ತದೆ. ರಸ್ತೆ, ಚರಂಡಿ, ನೀರಿನ ಕೊಳವೆಗಳ ವೆಚ್ಚ ಪ್ರತಿ ಮನೆಯ ಮೇಲೂ ಹೆಚ್ಚಾಗುತ್ತದೆ.

7. ನಾಲ್ಕನೆಯ ಹಂತ: ವಾಸ್ತವವಾಗಿ ಲಭ್ಯವಿರುವ ಭೂಮಿ

ಉದಾಹರಣೆಯ ಪಟ್ಟಣದ ನಕ್ಷೆಯಲ್ಲಿ ಇನ್ನೂ ಬಡಾವಣೆಯಾಗಿ ಪೂರ್ಣಗೊಳ್ಳದ ವಸತಿ ವಲಯ 520 ಹೆಕ್ಟೇರ್ ಇದೆ. ಬೇಕಾಗಿರುವುದು 302.4 ಹೆಕ್ಟೇರ್. ಮೇಲ್ನೋಟಕ್ಕೆ 217.6 ಹೆಕ್ಟೇರ್ ಹೆಚ್ಚುವರಿ ಇದ್ದಂತೆ ಕಾಣುತ್ತದೆ. ಆದರೆ ಈ ಕೆಳಕಂಡವುಗಳನ್ನು ಕಳೆಯಬೇಕು:

ಅ) ಕೆರೆ ಅಂಗಳ, ರಾಜಕಾಲುವೆ ಮತ್ತು ಅವುಗಳ ಸಂರಕ್ಷಣಾ ವಲಯ: 35 ಹೆಕ್ಟೇರ್
ಆ) ವ್ಯಾಜ್ಯದಲ್ಲಿರುವ ಹಾಗೂ ಪರಭಾರೆ ನಿರ್ಬಂಧವಿರುವ ಜಮೀನುಗಳು: 25 ಹೆಕ್ಟೇರ್
ಇ) ಅನುಮೋದನೆಯಿಲ್ಲದೆ ಈಗಾಗಲೇ ತುಂಡುಗಳಾಗಿ ಮಾರಾಟವಾದ ಜಮೀನುಗಳು: 120 ಹೆಕ್ಟೇರ್
ಈ) ಯೋಜನಾ ಅವಧಿಯಲ್ಲಿ ರಸ್ತೆ ಮತ್ತು ನೀರು ತಲುಪಲಾರದ ಜಮೀನುಗಳು: 100 ಹೆಕ್ಟೇರ್

ಒಟ್ಟು ಕಳೆಯಬೇಕಾದದ್ದು 280 ಹೆಕ್ಟೇರ್. ಉಳಿಯುವುದು 240 ಹೆಕ್ಟೇರ್. ನಕ್ಷೆಯಲ್ಲಿ ಹೆಚ್ಚುವರಿಯಾಗಿ ಕಂಡದ್ದು ವಾಸ್ತವದಲ್ಲಿ 62.4 ಹೆಕ್ಟೇರ್ ಕೊರತೆಯಾಗಿದೆ.

ಮೇಲ್ಕಂಡ ಬಾಬುಗಳ ವಿವರಣೆ ಹೀಗಿದೆ. ಸಂರಕ್ಷಣಾ ವಲಯಕ್ಕೆ ನಿದರ್ಶನವಾಗಿ, 2007ರಲ್ಲಿ ಅನುಮೋದನೆಯಾದ ಬೆಂಗಳೂರಿನ ಪರಿಷ್ಕೃತ ಮಹಾ ಯೋಜನೆ 2015ರಲ್ಲಿ ಕೆರೆಗಳಿಗೆ 30 ಮೀಟರ್ ಹಾಗೂ ಪ್ರಾಥಮಿಕ, ದ್ವಿತೀಯ ಮತ್ತು ತೃತೀಯ ಹಂತದ ರಾಜಕಾಲುವೆಗಳಿಗೆ ಕ್ರಮವಾಗಿ 50, 25 ಮತ್ತು 15 ಮೀಟರ್ ನಿಗದಿಪಡಿಸಲಾಗಿತ್ತು. ಪರಭಾರೆ ನಿರ್ಬಂಧಕ್ಕೆ ನಿದರ್ಶನವಾಗಿ, ಕರ್ನಾಟಕ ಅನುಸೂಚಿತ ಜಾತಿಗಳು ಮತ್ತು ಅನುಸೂಚಿತ ಬುಡಕಟ್ಟುಗಳ (ಕೆಲವು ಜಮೀನುಗಳ ಪರಭಾರೆ ನಿಷೇಧ) ಅಧಿನಿಯಮ, 1978ಕ್ಕೆ ಒಳಪಡುವ ಮಂಜೂರು ಜಮೀನುಗಳನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ.

ಅನುಮೋದನೆಯಿಲ್ಲದೆ ತುಂಡಾದ ಜಮೀನನ್ನು ಕಳೆಯುವುದಕ್ಕೆ ಎರಡು ಕಾರಣಗಳಿವೆ. ಅಲ್ಲಿ ಕಟ್ಟಿರುವ ಮನೆಗಳು ಈಗಿರುವ ಮನೆಗಳ ಎಣಿಕೆಯಲ್ಲಿ ಸೇರಿರುತ್ತವೆ. ಆ ಭೂಮಿಯನ್ನು ಮತ್ತೊಮ್ಮೆ ಲಭ್ಯವೆಂದರೆ ಎರಡು ಬಾರಿ ಎಣಿಸಿದಂತಾಗುತ್ತದೆ. ಅಲ್ಲಿನ ಖಾಲಿ ತುಂಡುಗಳಿಗೆ ನಿಯಮಾನುಸಾರ ರಸ್ತೆ, ಉದ್ಯಾನ ಬಿಟ್ಟಿರುವುದಿಲ್ಲ. ಆದುದರಿಂದ ಅವನ್ನು ಅಧಿಕೃತ ನಿವೇಶನವೆಂದು ಎಣಿಸಲಾಗುವುದಿಲ್ಲ.

8. ಐದನೆಯ ಹಂತ: ಎಷ್ಟು ವರ್ಷಗಳಿಗೆ ಸಾಕು

ಉಳಿದ 240 ಹೆಕ್ಟೇರ್ ಕೂಡ ಒಂದೇ ಸಮಯದಲ್ಲಿ ದೊರೆಯುವುದಿಲ್ಲ. ಅದರ ಸ್ಥಿತಿ ಹೀಗಿದೆ ಎಂದುಕೊಳ್ಳೋಣ:

ಬಡಾವಣೆ ಅನುಮೋದನೆ ಆಗಿರುವುದು: 60 ಹೆಕ್ಟೇರ್
ಭೂ ಪರಿವರ್ತನೆ ಆಗಿದ್ದು, ಬಡಾವಣೆ ಅನುಮೋದನೆ ಆಗದಿರುವುದು: 80 ಹೆಕ್ಟೇರ್
ವಸತಿ ವಲಯದಲ್ಲಿದ್ದು, ಇನ್ನೂ ಕೃಷಿ ಜಮೀನಾಗಿರುವುದು: 100 ಹೆಕ್ಟೇರ್

ಅನುಮೋದಿತ 60 ಹೆಕ್ಟೇರ್‌ನಲ್ಲಿ ಅರ್ಧ ಭಾಗ ನಿವೇಶನವಾದರೆ 2,500 ನಿವೇಶನಗಳು ದೊರೆಯುತ್ತವೆ. 20 ವರ್ಷಗಳಿಗೆ 12,600 ನಿವೇಶನ ಬೇಕಾದ್ದರಿಂದ ವಾರ್ಷಿಕ ಅಗತ್ಯ 630. ಅಂದರೆ ಈ ಪಟ್ಟಣದಲ್ಲಿ ಸುಮಾರು 4 ವರ್ಷಗಳಿಗೆ ಸಾಕಾಗುವಷ್ಟು ಮಾತ್ರ ಸಿದ್ಧ ಭೂಮಿ ಇದೆ. ಆ ಅವಧಿಯೊಳಗೆ ಉಳಿದ ಜಮೀನು ಅನುಮೋದನೆಯ ಹಂತಕ್ಕೆ ಬಾರದಿದ್ದರೆ ಅಧಿಕೃತ ನಿವೇಶನಗಳ ಬೆಲೆ ಏರುತ್ತದೆ ಮತ್ತು ಜನರು ಅನಧಿಕೃತ ಕಂದಾಯ ನಿವೇಶನಗಳ ಕಡೆಗೆ ಹೋಗುತ್ತಾರೆ. ಅಲ್ಲಿ ಮೋಸಹೋಗುವವರಲ್ಲಿ ಹೆಚ್ಚಿನವರು ಜೀವಮಾನದ ಉಳಿತಾಯವನ್ನು ಒಂದೇ ಖರೀದಿಯಲ್ಲಿ ತೊಡಗಿಸಿದವರು.

ಇಂಗ್ಲೆಂಡಿನಲ್ಲಿ ಈ "ಎಷ್ಟು ವರ್ಷ" ಎಂಬ ಪ್ರಶ್ನೆಯೇ ಯೋಜನಾ ನೀತಿಯ ಭಾಗವಾಗಿದೆ. ಅಲ್ಲಿನ ರಾಷ್ಟ್ರೀಯ ಯೋಜನಾ ನೀತಿಯ 2024ರ ಡಿಸೆಂಬರ್ ಆವೃತ್ತಿಯಂತೆ ಸ್ಥಳೀಯ ಯೋಜನಾ ಪ್ರಾಧಿಕಾರಗಳು ಮುಂದಿನ 5 ವರ್ಷಗಳಿಗೆ ಸಾಕಾಗುವಷ್ಟು ನಿವೇಶನ ಭೂಮಿಯನ್ನು ಗುರುತಿಸಿ ಪ್ರತಿ ವರ್ಷ ಪರಿಷ್ಕರಿಸಬೇಕು, ಅದಕ್ಕೆ ಶೇ. 5ರಷ್ಟು ಹೆಚ್ಚುವರಿ ಸೇರಿಸಬೇಕು. ಹಿಂದಿನ 3 ವರ್ಷಗಳಲ್ಲಿ ಮನೆ ನಿರ್ಮಾಣವು ಅಗತ್ಯದ ಶೇ. 85ಕ್ಕಿಂತ ಕಡಿಮೆಯಾಗಿದ್ದರೆ ಶೇ. 20ರಷ್ಟು ಸೇರಿಸಬೇಕು. ಭೂಮಿ ಈಗಲೇ ಲಭ್ಯವಿರಬೇಕು, ಸ್ಥಳ ಸೂಕ್ತವಾಗಿರಬೇಕು, 5 ವರ್ಷಗಳೊಳಗೆ ಅಲ್ಲಿ ಮನೆಗಳು ಬರುವ ವಾಸ್ತವ ಸಾಧ್ಯತೆ ಇರಬೇಕು. ಹಾಗಿದ್ದರೆ ಮಾತ್ರ ಅದನ್ನು ಎಣಿಸಬಹುದು. ಕರ್ನಾಟಕದ ಅಧಿನಿಯಮದಲ್ಲಿ ಇಂತಹ ವಾರ್ಷಿಕ ಲೆಕ್ಕದ ನಿಯಮವಿಲ್ಲ. ಮಹಾ ಯೋಜನೆಯ ಪರಿಷ್ಕರಣೆಯ ಸಮಯದಲ್ಲಿ ಲೆಕ್ಕ ಮಾಡಲಾಗುತ್ತದೆ. ಆದರೂ ಮೇಲ್ಕಂಡ ಮೂರು ಪ್ರಶ್ನೆಗಳು ಯಾವ ಊರಿನ ಜಮೀನಿಗಾದರೂ ಕೇಳಬಹುದಾದ ಪ್ರಶ್ನೆಗಳೇ ಆಗಿವೆ.

9. ಅಧಿಸೂಚನೆ ಮತ್ತು ನಿವೇಶನದ ನಡುವಿನ ಕಾಲ

ಸರ್ಕಾರಿ ಬಡಾವಣೆಗಳಲ್ಲಿಯೂ ಅಧಿಸೂಚಿತ ವಿಸ್ತೀರ್ಣವು ಹಾಗೆಯೇ ನಿವೇಶನವಾಗುವುದಿಲ್ಲ. ಬೆಂಗಳೂರಿನ ಅರ್ಕಾವತಿ ಬಡಾವಣೆಗೆ 2003ರ ಫೆಬ್ರವರಿಯ ಪ್ರಾಥಮಿಕ ಅಧಿಸೂಚನೆಯಲ್ಲಿ 16 ಗ್ರಾಮಗಳ ಸುಮಾರು 3,339 ಎಕರೆ ಸೇರಿತ್ತು. 2004ರ ಫೆಬ್ರವರಿಯ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಗೆ ಇಳಿಯಿತು. ಭೂಸ್ವಾಧೀನದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 2010ರಲ್ಲಿ. ಕೆಲವು ವರ್ಗದ ಜಮೀನುಗಳನ್ನು ಕೈಬಿಡುವಂತೆ ಕೋರಲು ಅದರಲ್ಲಿ ಅವಕಾಶ ನೀಡಲಾಯಿತು. ಆರಂಭದ ಎಕರೆಗಳನ್ನು ಆಧರಿಸಿ ನಿವೇಶನಗಳ ಸಂಖ್ಯೆಯನ್ನೂ ವರ್ಷವನ್ನೂ ನಿರ್ಧರಿಸಿದರೆ ಲೆಕ್ಕ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

10. ನಿವೇಶನ ಕೊಳ್ಳುವವರು ಪರಿಶೀಲಿಸತಕ್ಕ ಅಂಶಗಳು

ಜಮೀನು ಮೇಲಿನ ಲೆಕ್ಕದ ಯಾವ ಹಂತದಲ್ಲಿದೆ ಎಂಬುದನ್ನು ಈ ಕೆಳಕಂಡ ಕ್ರಮದಲ್ಲಿ ತಿಳಿಯಬಹುದು:

1) ವಲಯ: ಸರ್ವೆ ನಂಬರನ್ನು ನಮೂದಿಸಿ ಯೋಜನಾ ಪ್ರಾಧಿಕಾರದಿಂದ ಭೂ ಉಪಯೋಗ ದೃಢೀಕರಣ ಪಡೆಯುವುದು. ದಿಶಾಂಕ್ ಆ್ಯಪ್‌ನಿಂದ ಸರ್ವೆ ನಂಬರಿನ ಸ್ಥಳವನ್ನು ನೋಡಬಹುದು. ಆದರೆ ಅದು ದೃಢೀಕರಣಕ್ಕೆ ಬದಲಿಯಲ್ಲ.
2) ಪರಿವರ್ತನೆ: ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 95ರಂತೆ ಕೃಷಿಯೇತರ ಉಪಯೋಗಕ್ಕೆ ಪರಿವರ್ತನೆ ಆಗಿದೆಯೇ, ವಸತಿ ಉದ್ದೇಶಕ್ಕೇ ಆಗಿದೆಯೇ ಎಂಬುದನ್ನು ನೋಡುವುದು. ಇದರ ವಿಧಾನ ಕಾಲಕಾಲಕ್ಕೆ ತಿದ್ದುಪಡಿಯಾಗಿರುವುದರಿಂದ ಚಾಲ್ತಿಯಲ್ಲಿರುವ ಕ್ರಮವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು.
3) ಬಡಾವಣೆ ಅನುಮೋದನೆ: ಅನುಮೋದನೆಯ ಸಂಖ್ಯೆ, ದಿನಾಂಕ ಮತ್ತು ಅನುಮೋದಿತ ನಕ್ಷೆಯಲ್ಲಿ ನಿವೇಶನದ ಸಂಖ್ಯೆಯನ್ನು ಪ್ರಾಧಿಕಾರದ ಕಚೇರಿಯಲ್ಲಿಯೇ ತಾಳೆ ನೋಡುವುದು.
4) ನಿವೇಶನ ಬಿಡುಗಡೆ: ರಸ್ತೆ, ಚರಂಡಿ, ನೀರು, ವಿದ್ಯುತ್ ಕಾಮಗಾರಿಗಳ ಪ್ರಗತಿಗೆ ಅನುಸಾರವಾಗಿ ನಿವೇಶನಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡಲಾಗುತ್ತದೆ. ತಾವು ಕೊಳ್ಳುವ ಸಂಖ್ಯೆಯ ನಿವೇಶನ ಬಿಡುಗಡೆಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.
5) ನೋಂದಣಿ: 500 ಚದರ ಮೀಟರ್‌ಗಿಂತ ಹೆಚ್ಚಿನ ಜಮೀನಿನ ಬಡಾವಣೆ ಯೋಜನೆಗಳು ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರಂತೆ ರೇರಾದಲ್ಲಿ ನೋಂದಣಿಯಾಗಿರಬೇಕು.
6) ಋಣಭಾರ ಪ್ರಮಾಣ ಪತ್ರ, ಪಹಣಿ ಮತ್ತು ಹಕ್ಕಿನ ಮೂಲ ದಾಖಲೆಗಳು.

ಈ ಪೈಕಿ ಮೊದಲನೆಯದು ಮಾತ್ರ ಇದ್ದರೆ ಅದು ವಸತಿ ವಲಯದ ಕೃಷಿ ಜಮೀನು. ಎರಡನೆಯದೂ ಇದ್ದರೆ ಪರಿವರ್ತಿತ ಜಮೀನು. ಮೂರನೆಯದೂ ನಾಲ್ಕನೆಯದೂ ಇದ್ದಾಗ ಮಾತ್ರ ಅದನ್ನು ಯೋಜನಾ ನಿಯಮಗಳಂತೆ ಮನೆ ಕಟ್ಟಬಹುದಾದ ನಿವೇಶನ ಎನ್ನಬಹುದು. ಮಾರಾಟಗಾರರ ಹಕ್ಕು ಸರಿಯಾಗಿದೆಯೇ ಎಂಬುದನ್ನು ಆರನೆಯ ಅಂಶದ ದಾಖಲೆಗಳಿಂದ ಪ್ರತ್ಯೇಕವಾಗಿ ನೋಡಬೇಕು.

11. ಆಕ್ಷೇಪಣೆ ಮತ್ತು ಸಲಹೆ ಸಲ್ಲಿಸುವವರಿಗೆ

ಮಹಾ ಯೋಜನೆಯು ತಾತ್ಕಾಲಿಕ ಅನುಮೋದನೆಯ ನಂತರ ಪ್ರಕಟವಾದಾಗ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಅಥವಾ ಸಲಹೆ ಸಲ್ಲಿಸಬಹುದು. ತಮ್ಮ ಜಮೀನಿನ ಬಣ್ಣದ ಬಗ್ಗೆ ಮಾತ್ರ ಬರೆಯದೆ ಇಡೀ ಊರಿನ ಲೆಕ್ಕದ ಬಗ್ಗೆಯೂ ಬರೆಯಬಹುದು. ಕೆಳಕಂಡ ಪ್ರಶ್ನೆಗಳು ಉಪಯುಕ್ತ:

ಅ) ಜನಸಂಖ್ಯೆಯ ಅಂದಾಜಿಗೆ ಯಾವ ವಿಧಾನ ಬಳಸಲಾಗಿದೆ, ಕಾರಣವೇನು?
ಆ) ಅವಧಿಯ ಅಂತ್ಯಕ್ಕೆ ಕುಟುಂಬದ ಗಾತ್ರ ಎಷ್ಟೆಂದು ಪರಿಗಣಿಸಲಾಗಿದೆ?
ಇ) ಈಗಿರುವ ಕೊರತೆಯನ್ನು ಸೇರಿಸಲಾಗಿದೆಯೇ?
ಈ) ನಿವೇಶನದ ಸರಾಸರಿ ಅಳತೆ ಎಷ್ಟು, ಸಣ್ಣ ನಿವೇಶನಗಳ ಪಾಲು ಎಷ್ಟು?
ಉ) ವಸತಿ ವಲಯದಿಂದ ಲಭ್ಯವಲ್ಲದ ಜಮೀನನ್ನು ಕಳೆಯಲಾಗಿದೆಯೇ?
ಊ) ಅನುಮೋದಿತ ಬಡಾವಣೆಗಳ ನಿವೇಶನಗಳು ಎಷ್ಟು ವರ್ಷಗಳಿಗೆ ಸಾಕಾಗುತ್ತವೆ?

ಅಂದಾಜಿನ ಮಹತ್ವಕ್ಕೆ ಬೆಂಗಳೂರು ಒಂದು ನಿದರ್ಶನ. 2017ರ ನವೆಂಬರ್‌ನಲ್ಲಿ ಪ್ರಕಟವಾದ ಪರಿಷ್ಕೃತ ಮಹಾ ಯೋಜನೆ 2031ರ ಕರಡು 2031ಕ್ಕೆ ಸುಮಾರು 2.03 ಕೋಟಿ ಜನಸಂಖ್ಯೆಯನ್ನು ಅಂದಾಜಿಸಿತ್ತು. ಕರಡಿನ ಮೇಲೆ ಸಾವಿರಾರು ಆಕ್ಷೇಪಣೆಗಳು ಬಂದವು. ಅದು ಅಂತಿಮ ಅನುಮೋದನೆ ಪಡೆಯಲಿಲ್ಲ. ಲೆಕ್ಕದ ಮೂಲ ಅಂಕಿಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಂತೆ ಅರ್ಜಿ ಸಲ್ಲಿಸಿ ಪಡೆಯಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಮೀನು ವಸತಿ ವಲಯದಲ್ಲಿದೆ. ತುಂಡು ಮಾಡಿ ಮಾರಬಹುದೇ?
ಉತ್ತರ: ಇಲ್ಲ. ಪ್ರಕರಣ 17ರಂತೆ ವಿಭಜನೆಗೆ ಅಥವಾ ಬಡಾವಣೆಗೆ ಪ್ರಾಧಿಕಾರದ ಅನುಮೋದನೆ ಪಡೆಯಬೇಕು.

ಪ್ರಶ್ನೆ: ಸ್ಥಳೀಯ ಸಂಸ್ಥೆ ತೆರಿಗೆ ಕಟ್ಟಿಸಿಕೊಂಡಿದೆ. ನಿವೇಶನ ಅಧಿಕೃತವಾಯಿತೇ?
ಉತ್ತರ: ಇಲ್ಲ. ತೆರಿಗೆ ರಸೀದಿ ಅಥವಾ ತೆರಿಗೆ ವಹಿಯ ನಮೂದು ಬಡಾವಣೆ ಅನುಮೋದನೆಗೆ ಸಮನಲ್ಲ.

ಪ್ರಶ್ನೆ: ವಸತಿ ಭೂಮಿಯ ಕೊರತೆ ಇದ್ದಲ್ಲಿ ಕೃಷಿ ವಲಯದ ಜಮೀನಿಗೆ ತಾನಾಗಿ ಅನುಮತಿ ದೊರೆಯುತ್ತದೆಯೇ?
ಉತ್ತರ: ಇಲ್ಲ. ಪ್ರಕರಣ 14-ಎ ಅಡಿಯಲ್ಲಿ ಭೂ ಉಪಯೋಗ ಬದಲಾವಣೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಪ್ರತಿಯೊಂದನ್ನೂ ಅದರ ಅರ್ಹತೆಯ ಮೇಲೆ ಪರಿಶೀಲಿಸಲಾಗುತ್ತದೆ.

ಪ್ರಶ್ನೆ: ಅನುಮೋದಿತ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗದಲ್ಲಿ ನಿವೇಶನ ಮಾರುತ್ತಿದ್ದಾರೆ. ಏನು ಮಾಡಬೇಕು?
ಉತ್ತರ: ಖರೀದಿಸಬಾರದು. ನಕ್ಷೆಯ ಪ್ರತಿಯೊಂದಿಗೆ ಯೋಜನಾ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮಗಳು ಮತ್ತು ಆಯಾ ಊರಿನ ಅನುಮೋದಿತ ವಲಯ ನಿಯಮಾವಳಿಗಳೇ ಅಂತಿಮ. ನಿವೇಶನಕ್ಕೆ ಮುಂಗಡ ಹಣ ಪಾವತಿಸುವ ಮೊದಲು ಸಂಬಂಧಪಟ್ಟ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಕೆಲಸದ ವೇಳೆಯಲ್ಲಿ ಮೂಲ ದಾಖಲೆಗಳನ್ನು ಪರಿಶೀಲಿಸಲು ಸಾರ್ವಜನಿಕರನ್ನು ಕೋರಲಾಗಿದೆ.